ಹಠ ಹಿಡಿದ ಜಾವಾದ ಜಾತಕ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಹೊರಬಿದ್ದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇನ್ನೂ ರಸ್ತೆಯಲ್ಲಿವೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನದ ನೆಪದಲ್ಲಿ ಅವು ಹೊಳಪು ಹೊಡೆಸಿಕೊಂಡು ಸಾಲುಗಟ್ಟುತ್ತವೆ. ಆದರೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿ ಎಷ್ಟು ಕಿಕ್ ಹೊಡೆದರೂ ಜಪ್ಪಯ್ಯ ಅನ್ನದಿದ್ದರೆ?

ಹಳೇ ಮೆಕ್ಯಾನಿಕ್ ಕೇಳುವುದು ಮೂರೇ ಪ್ರಶ್ನೆ. ಕರೆಂಟ್ ಬರ್ತಿದೆಯಾ? ಪೆಟ್ರೋಲ್ ಇಳೀತಿದೆಯಾ? ಕಂಪ್ರೆಷನ್ ಇದೆಯಾ? ಈ ಪ್ರಶ್ನೆಗಳು ಮೈಸೂರಿನ ಗ್ಯಾರೇಜಿನಲ್ಲಿ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶದಲ್ಲಿ ಯಾರೋ ಎಂಜಿನಿಯರ್ ಮಾಡಿದ ಆಯ್ಕೆ ಇದೆ. ಗಾಡಿಯ ಈಗಿನ ಕಾಯಿಲೆ ಹಿಡಿಯಬೇಕಾದರೆ ಅದರ ಜಾತಕ ಗೊತ್ತಿದ್ದರೆ ಒಳ್ಳೆಯದು.

ಪ್ರಾಗ್‌ನಿಂದ ಯಾದವಗಿರಿಗೆ

ಫ್ರಾಂಟಿಶೆಕ್ ಯಾನೆಚೆಕ್ ಪ್ರಾಗ್ ನಗರದಲ್ಲಿ ಜಾವಾ ಕಂಪನಿ ಕಟ್ಟಿದ್ದು 1929ರಲ್ಲಿ. ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿನ್ಯಾಸವನ್ನು ಕೊಂಡು ಶುರು ಮಾಡಿದ ಉದ್ಯಮ ಅದು. ಅದೇ ಕಂಪನಿ 1954ರಲ್ಲಿ ಹೊರತಂದ 353 ಎಂಬ ಮಾದರಿ ನಮ್ಮ ಜಾವಾದ ಮೂಲ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಪರವಾನಗಿ ಪಡೆದು, ಅರುವತ್ತರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಅದರ ತಯಾರಿಕೆಗೆ ಕೈಹಾಕಿದರು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಸುಮಾರು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಕಿಕ್ ಲಿವರ್. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. ಎಂಜಿನ್ನಿನ ಸ್ವಭಾವ ಹೆಚ್ಚು ಬದಲಾಗಲಿಲ್ಲ.

ಮೊದಲು ಕರೆಂಟ್

ಬ್ಯಾಟರಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್ — ಈ ನಾಲ್ಕರ ಕೂಟವನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗಾಗಿ ರೂಪಿಸಿದ. ಪಾಯಿಂಟ್ ಮುಚ್ಚಿದಾಗ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತದೆ. ತೆರೆದ ಕ್ಷಣ ಅದು ಕಡಿದು, ಸಾವಿರಾರು ವೋಲ್ಟ್ ಪುಟಿದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಕಾರಿಗೆ ಇದು ಸಲೀಸು. 6 ವೋಲ್ಟ್ ಬ್ಯಾಟರಿಯ ಬೈಕಿಗೆ ಬಂದಾಗ ಕಷ್ಟ ಶುರು. ಲೂನಾದಂಥ ಮೊಪೆಡ್ಡಿನಲ್ಲಿ ತಿರುಗುವ ಮ್ಯಾಗ್ನೆಟ್ಟೇ ಕಿಡಿಗೆ ಬೇಕಾದ ಕರೆಂಟ್ ಹುಟ್ಟಿಸುತ್ತದೆ, ಬ್ಯಾಟರಿಯ ಹಂಗಿಲ್ಲ. ಹಳೇ ಜಾವಾ ಹಾಗಲ್ಲ. ಕಿಕ್ ಹೊಡೆಯುವಾಗಿನ ಕಿಡಿಗೆ ಬ್ಯಾಟರಿಯೇ ಗತಿ. ಹಾರ್ನ್ ಕ್ಷೀಣವಾಗಿ ಕೂಗಿತೆಂದರೆ ಕಾರ್ಬೊರೇಟರ್ ಬಿಚ್ಚುವ ಅವಸರ ಬೇಡ, ಬ್ಯಾಟರಿ ಚಾರ್ಜಿಗೆ ಹಾಕಿ.

ಬ್ಯಾಟರಿ ಸರಿಯಿದ್ದರೆ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿಟ್ಟು ಕಿಕ್ ಹೊಡೆಯಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಹಬೆ ಚಿಮ್ಮುವುದರಿಂದ ಕಿಡಿಯನ್ನು ಅದರಿಂದ ದೂರವೇ ಇಡಬೇಕು. ನೀಲಿ ಕಿಡಿ ಚಟಪಟ ಅಂದರೆ ಸರಿ. ಹಳದಿಗೆ ತಿರುಗಿ ಸಣಕಲಾಗಿದ್ದರೆ ಪಾಯಿಂಟ್ ಕಡೆ ನೋಡಬೇಕು. ನಿಂತ ಗಾಡಿಯ ಪಾಯಿಂಟ್ ಮೇಲೆ ಬೂದುಬಣ್ಣದ ತೆಳು ಪೊರೆ ಕಟ್ಟಿರುತ್ತದೆ; ಕರೆಂಟನ್ನು ತಡೆಯಲು ಅಷ್ಟು ಸಾಕು. ನುಣುಪಾದ ಎಮರಿ ಪೇಪರಿನಿಂದ ಎರಡು ಸಲ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜ್ ತೂರಿಸಿ ಅಂತರವನ್ನು 0.4 ಮಿ.ಮೀ.ಗೆ ಇಡಬೇಕು. ಗೇಜ್ ಬಿಗಿಯಾಗಿ ಸಿಕ್ಕಿಕೊಳ್ಳಲೂ ಬಾರದು, ಸಡಿಲಾಗಿ ಜಾರಲೂ ಬಾರದು. ಉಜ್ಜಿದ ಮೇಲೂ ಪಾಯಿಂಟ್ ನಡುವೆಯೇ ಜೋರಾಗಿ ಬೆಂಕಿ ಮಿಂಚುತ್ತಿದ್ದರೆ ಕಂಡೆನ್ಸರ್ ಹೋಗಿದೆ ಎಂದರ್ಥ.

ಆಮೇಲೆ ಪೆಟ್ರೋಲ್

ಎರಡನೆಯ ತಲೆನೋವಿನ ಮೂಲ ಇಂಗ್ಲೆಂಡಿನಲ್ಲಿದೆ. ಬಾತ್ ಊರಿನ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ವಾಲ್ವುಗಳ ಗೊಡವೆ ಕಡಿಮೆ ಮಾಡಿ, ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸನ್ನೇ ಪಂಪಿನಂತೆ ಬಳಸುವ ಟೂ ಸ್ಟ್ರೋಕ್ ಎಂಜಿನ್ ಮಾಡಿದ. ಭಾಗಗಳು ಕಡಿಮೆ, ಖರ್ಚೂ ಕಡಿಮೆ. ಆದರೆ ಗಾಳಿ, ಪೆಟ್ರೋಲ್ ಎರಡೂ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾಯುವುದರಿಂದ ಅಲ್ಲಿ ಎಣ್ಣೆ ತುಂಬಿಡುವಂತಿಲ್ಲ. ಹಾಗಾಗಿ ಪೆಟ್ರೋಲಿಗೇ ಎಣ್ಣೆ ಬೆರೆಸುವ ಪದ್ಧತಿ ಬಂತು.

ಗಾಡಿ ತಿಂಗಳುಗಟ್ಟಲೆ ನಿಂತಾಗ ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಎಣ್ಣೆ ಅಂಟಾಗಿ ಉಳಿಯುತ್ತದೆ. ಜೆಟ್ಟಿನ ತೂತು ಮುಚ್ಚಿಹೋಗಲು ಅದೇ ಕಾರಣ. ಜೆಟ್ಟನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆಯಬೇಕು. ತಂತಿ ತೂರಿಸಿದರೆ ತೂತು ದೊಡ್ಡದಾಗಿ ಹೊಸ ತೊಂದರೆ. ಪ್ಲಗ್ ಒದ್ದೆಯಾಗಿ ಬಂದರೆ ಕಥೆ ಉಲ್ಟಾ: ಪೆಟ್ರೋಲ್ ಹೆಚ್ಚಾಗಿ ಒಳಗೆ ನಿಂತಿದೆ. ನಲ್ಲಿ ಬಂದ್ ಮಾಡಿ, ಪ್ಲಗ್ ಹೊರಗಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಹಲವು ಸಲ ಕಿಕ್ ಹೊಡೆದರೆ ಹೊರಬರುತ್ತದೆ.

ಕೊನೆಗೆ ಕಂಪ್ರೆಷನ್

ಕಿಡಿ ಇದೆ, ಪೆಟ್ರೋಲ್ ಇದೆ, ಕಾಲಿಗೆ ಕಂಪ್ರೆಷನ್ನೂ ಸಿಗುತ್ತಿದೆ, ಆದರೂ ಗಾಡಿ ಏಳುವುದಿಲ್ಲ. ಇಲ್ಲಿ ಮತ್ತೆ ಡೇ ಮಾಡಿದ ಆಯ್ಕೆಗೇ ಬರಬೇಕು. ಕ್ರ್ಯಾಂಕ್‌ಕೇಸೇ ಪಂಪ್ ಆದ ಮೇಲೆ ಅದೂ ಗಾಳಿಯಾಡದಂತೆ ಮುಚ್ಚಿರಬೇಕು. ಆ ಕೆಲಸ ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಆಯಿಲ್ ಸೀಲುಗಳದ್ದು. ವರ್ಷಗಳಲ್ಲಿ ರಬ್ಬರ್ ಗಟ್ಟಿಯಾಗುತ್ತದೆ. ಡೈನಮೋ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಕ್ಲಚ್ ಕಡೆಯದು ಹೋದರೆ ಎಂಜಿನ್ ಕ್ಲಚ್ಚಿನ ಎಣ್ಣೆಯನ್ನೇ ಎಳೆದುಕೊಂಡು ದಟ್ಟ ಬಿಳಿ ಹೊಗೆ ಉಗುಳುತ್ತದೆ. ಬೈಕಿನ ಹೊಗೆ ನೋಡಿ ಪಿಸ್ಟನ್ ರಿಂಗ್ ಬದಲಿಸಿ ದುಡ್ಡು ಕಳೆದುಕೊಳ್ಳುವವರು ಮೊದಲು ಕ್ಲಚ್ ಎಣ್ಣೆ ಇಳಿದಿದೆಯೇ ಎಂದು ನೋಡುವುದು ಮೇಲು.

ಹೊಸ ಕಾಲದ ಕಾಯಿಲೆ

ಈ ಪಟ್ಟಿಗೆ ತೀರಾ ಈಚಿನ ಸೇರ್ಪಡೆ ನಮ್ಮ ಬೆಂಗಳೂರಿನದೇ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಇಲ್ಲಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಅದಕ್ಕೆ ತಯಾರಾಗಿರದ ಹಳೇ ರಬ್ಬರನ್ನು ಹಾಳುಮಾಡುತ್ತದೆ. ಪ್ರಾಗ್‌ನಲ್ಲಿ ನಕ್ಷೆ ಬರೆದವರಾಗಲಿ, ಮೈಸೂರಿನಲ್ಲಿ ಜೋಡಿಸಿದವರಾಗಲಿ ಈ ಇಂಧನವನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಉಳಿದ ದೋಷಗಳನ್ನು ಬಂದ ಮೇಲೆ ಹುಡುಕಬಹುದು. ಇದನ್ನು ಮಾತ್ರ ಬರುವ ಮೊದಲೇ ತಡೆಯುವುದು ಸುಲಭ. ಪೆಟ್ರೋಲ್ ಪೈಪನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಿದ್ದರೆ ಮನೆ ಹತ್ತಿರ ಬಂದಾಗಲೇ ನಲ್ಲಿ ಬಂದ್ ಮಾಡಿ, ಬಟ್ಟಲು ಬರಿದಾಗಿ ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ. ಬ್ಯಾಟರಿಯ ಒಂದು ವೈರ್ ಕಳಚಿಡಿ. ಮಳೆ ಮುಗಿದ ಮೇಲೆ ಹೊಡೆಯಬೇಕಾದ ಕಿಕ್‌ಗಳಲ್ಲಿ ಅರ್ಧಕ್ಕರ್ಧ ಅಲ್ಲಿಗೇ ಉಳಿಯುತ್ತವೆ.