ಹಾರದೇ ಉಳಿದ ಬಾಂಬರ್: ಸ್ಪಿಟ್‌ಫೈರ್ ರೂಪಿಸಿದವರ ಕೊನೆಯ ನಕ್ಷೆ

ಎರಡನೇ ಮಹಾಯುದ್ಧದ ಮಾತು ಬಂದರೆ ಬ್ರಿಟನ್‌ನ ಸ್ಪಿಟ್‌ಫೈರ್ ವಿಮಾನದ ಹೆಸರು ಬಂದೇ ಬರುತ್ತೆ. ಆದ್ರೆ ಅದನ್ನು ರೂಪಿಸಿದ ಆರ್.ಜೆ. ಮಿಚೆಲ್ ಕೊನೆಗೆ ಕೈಗೆತ್ತಿಕೊಂಡಿದ್ದು ಒಂದು ದೊಡ್ಡ ಬಾಂಬರ್ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಕಾರಣ ಇಷ್ಟೇ, ಅದು ಹಾರಲೇ ಇಲ್ಲ.

ಎರಡು ಮಹಾಯುದ್ಧಗಳ ನಡುವೆ ಬ್ರಿಟನ್‌ನ ವಾಯು ಸಚಿವಾಲಯ ತನಗೆ ಎಂಥ ವಿಮಾನ ಬೇಕು ಎಂದು ಬರೆದು ಕಂಪನಿಗಳಿಗೆ ಕಳಿಸುತ್ತಿತ್ತು. ಹಲವು ಕಂಪನಿಗಳು ನಕ್ಷೆ ಕೊಡುತ್ತಿದ್ದವು, ಆರ್ಡರ್ ಸಿಗುತ್ತಿದ್ದುದು ಒಂದೆರಡಕ್ಕೆ. ಉಳಿದವು ಕಡತ ಸೇರುತ್ತಿದ್ದವು. ಇತಿಹಾಸಕಾರರು ಈಗ ಹುಡುಕಿ ತೆಗೆಯುತ್ತಿರುವುದು ಇವನ್ನೇ. ಬೇಡಿಕೆಯ ಸಂಖ್ಯೆಯೇ ಅವರಿಗೆ ದಾರಿ. ‘ಬಿ.12/36’ ಅಂದ್ರೆ ಬಾಂಬರ್‌ಗಾಗಿ ಹೊರಡಿಸಿದ, 1936ರ 12ನೇ ಬೇಡಿಕೆ.

ಅದಕ್ಕೆ ಸೂಪರ್‌ಮರೀನ್ ಕಂಪನಿಯಲ್ಲಿ ಮಿಚೆಲ್ ರೂಪಿಸಿದ್ದು ನಾಲ್ಕು ಎಂಜಿನ್‌ಗಳ ವಿಮಾನ. 1937ರ ಜೂನ್‌ನಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು ಬರೀ 42. ಕೆಲಸ ಮುಂದುವರಿಯಿತು. 1940ರ ಸೆಪ್ಟೆಂಬರ್‌ನಲ್ಲಿ ಸೌತಾಂಪ್ಟನ್ ಕಾರ್ಖಾನೆ ಮೇಲೆ ಜರ್ಮನ್ ಬಾಂಬ್ ಬಿದ್ದು, ಇನ್ನೂ ಕಟ್ಟುತ್ತಿದ್ದ ಎರಡು ಮಾದರಿಗಳು ಹಾಳಾದವು. ಆಮೇಲೆ ಯೋಜನೆಯನ್ನೇ ಕೈಬಿಟ್ಟರು. ಅದೇ ಬೇಡಿಕೆಗೆ ತಯಾರಾದ ಶಾರ್ಟ್ ಸ್ಟರ್ಲಿಂಗ್ ಯುದ್ಧಕ್ಕೆ ಹೋಯ್ತು.

ಹಾಗಾದ್ರೆ ಮಿಚೆಲ್ ಬಾಂಬರ್ ಸ್ಟರ್ಲಿಂಗ್‌ಗಿಂತ ವೇಗವಾಗಿ ಹಾರುತ್ತಿತ್ತಾ? ಕಾಗದದ ಲೆಕ್ಕ ಹೌದು ಅನ್ನುತ್ತೆ. ಆದರೆ ಅದು ಕಂಪನಿಯ ಅಂದಾಜು, ಆಕಾಶದಲ್ಲಿ ಅಳೆದದ್ದಲ್ಲ. ಮಿಚೆಲ್ ಅವರದೇ ಟೈಪ್ 224 ಯುದ್ಧವಿಮಾನ 1934ರಲ್ಲಿ ಹಾರಿದಾಗ ನಿರೀಕ್ಷಿಸಿದ ವೇಗ ಮುಟ್ಟಲಿಲ್ಲ. ಆ ಸೋಲಿನಿಂದ ಕಲಿತ ಪಾಠದಿಂದಲೇ ಸ್ಪಿಟ್‌ಫೈರ್ ಬಂತು. ಬಾಂಬರ್‌ಗೆ ಹಾಗೆ ಸೋತು ಕಲಿಯುವ ಅವಕಾಶವೂ ಸಿಗಲಿಲ್ಲ.