ಹುಲ್ಲುಹಾಸಿನ ಅಂಚು ಮತ್ತು ಅದರ ಆಯುಧಗಳು

ಹುಲ್ಲುಹಾಸಿನ ಸೊಬಗೆಲ್ಲವೂ ಅದರ ನಡುವಿನ ಹಸುರಿನಲ್ಲಿಯೇ ಇರುವುದೆಂದು ಬಹುಜನರು ಭಾವಿಸುವುದುಂಟು; ಆದರೆ ತೋಟದ ಕೆಲಸದಲ್ಲಿ ಕಣ್ಣು ಪಳಗಿದವರು ಮೊದಲು ನೋಡುವುದು ಅದರ ಅಂಚನ್ನು. ನಡುವೆ ಅಲ್ಲಲ್ಲಿ ಹುಲ್ಲು ಹಳದಿಗೆ ತಿರುಗಿದ್ದರೂ ಎರಡು ಹದಮಳೆ ಬಿದ್ದಮೇಲೆ ಆ ಕುಂದು ಮರೆಯಾಗಬಹುದು. ಅಂಚು ಕೆಟ್ಟ ಹಾಸಾದರೋ, ಎಷ್ಟೇ ನೀರುಂಡು ಎಷ್ಟೇ ದಟ್ಟವಾಗಿ ಬೆಳೆದಿದ್ದರೂ, ಹೂವಿನ ಪಾತಿ ಎಲ್ಲಿ ಮುಗಿಯಿತು, ಹುಲ್ಲು ಎಲ್ಲಿ ಮೊದಲಾಯಿತು ಎಂಬುದೇ ತಿಳಿಯದಂತಾಗಿ, ಯಾರೂ ವಾಸವಿಲ್ಲದ ಮನೆಯ ಅಂಗಳದ ಕಳೆಯನ್ನು ತಾಳುತ್ತದೆ. ಈ ಅಂಚನ್ನು ತಿದ್ದುವ ಉಪಕರಣಗಳು ಈಗ ನಮ್ಮ ಪಟ್ಟಣಗಳ ಅಂಗಡಿಗಳಲ್ಲಿಯೂ ಬಗೆಬಗೆಯಾಗಿ ದೊರೆಯುತ್ತಿರುವುದರಿಂದ, ಕೊಳ್ಳಹೋದವನಿಗೆ ಯಾವುದು ಬೇಕು, ಯಾವುದು ಬೇಡ ಎಂಬ ಗೊಂದಲ ಸಹಜವಾದುದು. ವ್ಯಾಪಾರಿಯು ಸಾಮಾನ್ಯವಾಗಿ ಅತ್ಯಂತ ಬೆಲೆಯುಳ್ಳ ಯಂತ್ರವನ್ನೇ ಮುಂದಿಡುವನು. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಂಗಡಿಗೆ ಹೋಗುವ ಮುನ್ನ ಕಾಲ ಕೆಳಗಿನ ಹುಲ್ಲು ಯಾವುದೆಂಬುದನ್ನು ವಿಚಾರಿಸತಕ್ಕದ್ದು. ಶೀತಪ್ರದೇಶಗಳಲ್ಲಿ ಹಾಸಿಗೆ ಬಿತ್ತುವ ರೈ ಹುಲ್ಲು ಇದ್ದಲ್ಲಿಯೇ ತೆಂಡೆಯೊಡೆದು ಗುಚ್ಛವಾಗಿ ಬೆಳೆಯತಕ್ಕದ್ದು. ಅದರ ಅಂಚನ್ನು ಒಮ್ಮೆ ನೇರ್ಪಡಿಸಿದರೆ ಬಹುಕಾಲ ನಿಂತೀತು. ನಮ್ಮ ಗರಿಕೆಯ ಸ್ವಭಾವವೇ ಬೇರೆ. ವಿನಾಯಕನ ಪೂಜೆಗೆ ನಾವು 21 ಎಂದು ಎಣಿಸಿ ಆರಿಸಿಕೊಳ್ಳುವ ಈ ಎಳೆಯ ಕುಡಿಯು ನೆಲದ ಮೇಲೆ ಹರಿದಾಡುವ ಕಾಂಡದಿಂದಲೂ, ನೆಲದೊಳಗೆ ಗುಪ್ತವಾಗಿ ಸರಿಯುವ ಬಿಳಿಯ ಕಾಂಡದಿಂದಲೂ ಏಕಕಾಲದಲ್ಲಿ ಮುಂದುವರಿಯುವುದಲ್ಲದೆ, ಗೆಣ್ಣುಗೆಣ್ಣಿಗೂ ಬೇರುಬಿಟ್ಟು ಹೊಸ ಸಸಿಯಾಗುವುದು. ಹೊಲಕ್ಕೆ ಹೊಕ್ಕ ಗರಿಕೆಯನ್ನು ನಿರ್ಮೂಲ ಮಾಡುವುದು ಎಂತಹ ಪ್ರಯಾಸವೆಂಬುದನ್ನು ನಮ್ಮ ರೈತರಿಗೆ ಬೇರೆ ಹೇಳಬೇಕಾದುದಿಲ್ಲ. ಅದೇ ಗರಿಕೆಯೇ ಜಗತ್ತಿನ ಉಷ್ಣದೇಶಗಳಲ್ಲೆಲ್ಲ ಹಾಸಿನ ಮುಖ್ಯ ಹುಲ್ಲಾಗಿರುವುದು ಒಂದು ವಿನೋದ. ನರ್ಸರಿಗಳಲ್ಲಿ ಕೊರಿಯನ್ ಹುಲ್ಲೆಂದು ಮಾರುವ ಜಾಯ್ಸಿಯವೂ ಹಬ್ಬುವ ಜಾತಿಯದೇ ಆದರೂ ಅದು ಮಂದಗಾಮಿ. ಆದಕಾರಣ ಗರಿಕೆಯ ಹಾಸುಳ್ಳವನು ಅಂಚಿನ ಉಪಕರಣವನ್ನು ವರ್ಷಕ್ಕೊಮ್ಮೆ ಹೊರತೆಗೆಯುವ ಸಾಮಾನೆಂದು ತಿಳಿಯಲಾಗದು. ಮುಂಗಾರಿನಿಂದ ಕಾರ್ತಿಕದವರೆಗೆ ಅದಕ್ಕೆ ವಿರಾಮವೇ ಇಲ್ಲ.

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತ್ಯದ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕುಶಲನು, ಉಣ್ಣೆಯ ಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಗಿರಣಿಯ ಯಂತ್ರದಿಂದ ಸೂಚನೆ ಪಡೆದು, 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದಕ್ಕೆ ಪೂರ್ವದಲ್ಲಿ ಹಾಸನ್ನು ಸಮಮಾಡುತ್ತಿದ್ದುದು ಉದ್ದಹಿಡಿಯ ಕುಡುಗೋಲು ಅಥವಾ ಮೇಯುವ ಕುರಿ. ಬಡ್ಡಿಂಗನ ಯಂತ್ರದಿಂದ ನಡುವಿನ ಸಮಸ್ಯೆಯು ತೀರಿತಾದರೂ ಅಂಚಿನದು ತೀರಲಿಲ್ಲ. ಏಕೆಂದರೆ ಗಾಲಿಯ ಮೇಲೆ ಉರುಳುವ ಯಂತ್ರವು ಪಾತಿಯ ಅಂಚಿಗೆ ಬಂದೊಡನೆ ಒಂದು ಗಾಲಿ ಕೆಳಗೆ ಜಾರುವುದು, ಕಲ್ಲಿನ ಬದಿಗೆ ಬಂದರೆ ಅಲಗು ತಾಕುವುದು. ಹೀಗೆ ಅದು ಬಿಟ್ಟ ನಾಲ್ಕು ಬೆರಳಗಲದ ಪಟ್ಟಿಯು ಮನುಷ್ಯನ ಕೈಗೇ ಉಳಿಯಿತು. ಇತ್ತ ನಮ್ಮಲ್ಲಿ, 1809ರಲ್ಲಿ ಬ್ರಿಟಿಷರ ದಂಡು ಸ್ಥಾಪಿತವಾದಮೇಲೆ ಬೆಂಗಳೂರಿನಲ್ಲಿ ಬಂಗಲೆಗಳೆದ್ದವು, ಬಂಗಲೆಗಳ ಮುಂದೆ ಆಂಗ್ಲರೀತಿಯ ಹಾಸುಗಳು ಹರಡಿದವು. ಕ್ಯೂ ಉದ್ಯಾನದಲ್ಲಿ ಅನುಭವ ಪಡೆದು, ಬರೋಡದಲ್ಲಿ ಸೇವೆ ಸಲ್ಲಿಸಿ, 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು ಲಾಲ್‌ಬಾಗಿಗೂ ನಗರದ ಬೀದಿಗಳಿಗೂ ಕೊಟ್ಟ ಶಿಸ್ತನ್ನು ನೋಡಿದ ಮನೆಯವರಿಗೆ ತಮ್ಮ ಅಂಗಳದಲ್ಲಿಯೂ ಅಂತಹದೊಂದು ಅಚ್ಚುಕಟ್ಟು ಬೇಕೆನಿಸಿದ್ದರೆ ತಪ್ಪೇನು?

ಅಂಚಿನ ಕೆಲಸವು ಒಂದಲ್ಲ, ಎರಡು. ಇಲ್ಲದ ಅಂಚನ್ನು ಹೊಸದಾಗಿ ಕಡಿದು ರೂಪಿಸುವುದು ಒಂದು. ರೂಪಿಸಿದ ಅಂಚಿನಿಂದ ಹೊರಚಾಚುವ ಹುಲ್ಲನ್ನು ಆಗಾಗ ಸವರುವುದು ಇನ್ನೊಂದು. ಮೊದಲನೆಯದು ಮಣ್ಣಿನ ಕೆಲಸ, ಎರಡನೆಯದು ಎಲೆಯ ಕೆಲಸ. ಮಣ್ಣನ್ನು ಕಡಿಯಬಲ್ಲ ಉಪಕರಣಕ್ಕೆ ಭಾರವೂ ಗಡಸುತನವೂ ಬೇಕು. ಎಲೆಯನ್ನು ಸವರುವುದಕ್ಕೆ ಲಘುತ್ವವೂ ಹರಿತವೂ ಸಾಕು. ಒಂದೇ ಯಂತ್ರವು ಇವೆರಡನ್ನೂ ಮಾಡುವುದೆಂದು ಡಬ್ಬದ ಮೇಲೆ ಬರೆದಿದ್ದರೆ, ಅದು ಒಂದನ್ನು ಚೆನ್ನಾಗಿಯೂ ಇನ್ನೊಂದನ್ನು ಹೇಗೋ ಹಾಗೂ ಮಾಡುವುದೆಂದು ಅರ್ಥಮಾಡಿಕೊಳ್ಳುವುದು ಕ್ಷೇಮ.

ಅಂಚನ್ನು ರೂಪಿಸುವ ಸಾಧನಗಳಲ್ಲಿ ಅರ್ಧಚಂದ್ರಾಕಾರದ ಸಲಿಕೆಗೆ ಸರಿದೊರೆಯಾದುದನ್ನು ನಾನು ಕಾಣೆ. ಸುಮಾರು ಒಂದು ಗೇಣಗಲದ, ಕೆಳಬದಿ ಬಾಗಿದ ಉಕ್ಕಿನ ಚಪ್ಪಟೆ ಅಲಗು, ಅದಕ್ಕೊಂದು ನೇರವಾದ ಕಾವು: ಇಷ್ಟೇ ಅದರ ರಚನೆ. ಬಾಗು ಇರುವುದರಿಂದ ಅಲಗು ಮೊದಲು ನಡುವಿನ ಬಿಂದುವಿನಲ್ಲಿ ನೆಲವನ್ನು ತಾಕಿ, ಕಾಲಿನ ಒತ್ತಡಕ್ಕೆ ಅತ್ತಿತ್ತ ತೂಗಾಡುತ್ತ, ಬೇರಿನ ಹೆಣೆಗೆಯನ್ನು ಕೊಯ್ದು ಕೆಳಗಿಳಿಯುವುದು. ನೇರ ಅಂಚಿನ ಸಾಮಾನ್ಯ ಸಲಿಕೆಯು ಅದೇ ಹೆಣೆಗೆಯ ಮೇಲೆ ಒಮ್ಮೆಗೇ ಕುಳಿತು ನಿಂತುಬಿಡುವುದು. ಸಾಮಾನ್ಯ ಸಲಿಕೆಯ ಅಲಗು ಒಳಕ್ಕೆ ಡೊಂಕಾಗಿರುವುದರಿಂದ ಅದರಿಂದ ಕಡಿದ ಅಂಚು ಚಿಪ್ಪುಚಿಪ್ಪಾಗಿ ಕಾಣುವುದೆಂಬ ದೋಷವೂ ಉಂಟು. ಕೊಳ್ಳುವಾಗ ನೋಡಬೇಕಾದ ಅಂಶಗಳು ಕೆಲವೇ. ಅಲಗಿನ ಮೇಲಂಚು ಕಾಲಿಡುವುದಕ್ಕೆ ಅನುಕೂಲವಾಗಿ ಮಡಿಸಿರಬೇಕು; ಇಲ್ಲದಿದ್ದರೆ ಚಪ್ಪಲಿ ಮೆಟ್ಟಿದ ಪಾದಕ್ಕೆ ಅದು ಶಿಕ್ಷೆಯೇ ಸರಿ. ಕಾವು ಕೂಡುವ ಬಾಯಿಯು ಗಟ್ಟಿಯಾಗಿರಬೇಕು, ಏಕೆಂದರೆ ಈ ಸಲಿಕೆ ಮುರಿಯುವುದೇನಾದರೂ ಇದ್ದರೆ ಅಲ್ಲಿಯೇ. ತೆಳುತಗಡಿನಿಂದ ಒತ್ತಿ ತೆಗೆದ ಅಲಗಿಗಿಂತ ಕಾಸಿ ಬಡಿದ ಉಕ್ಕಿನ ಅಲಗು ಮೇಲು. ಅಂಗಡಿಯಲ್ಲಿ ಒಳ್ಳೆಯದು ಸಿಕ್ಕದಿದ್ದರೆ ನಿರಾಶೆ ಬೇಡ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಕುಡುಗೋಲುಗಳನ್ನು ಮಾಡಬಲ್ಲ ಕಮ್ಮಾರನಿಗೆ ಒಂದು ಕಾಗದದ ಮೇಲೆ ಆಕಾರವನ್ನು ಬರೆದುಕೊಟ್ಟರೆ ಇದನ್ನೂ ಮಾಡಿಕೊಟ್ಟಾನು.

ಇದನ್ನು ಬಳಸುವ ಕ್ರಮದಲ್ಲಿಯೂ ಸ್ವಲ್ಪ ವಿವೇಕ ಬೇಕು. ಬೇಸಗೆಯಲ್ಲಿ ನಮ್ಮ ಕೆಮ್ಮಣ್ಣು ಇಟ್ಟಿಗೆಯಾಗಿ ನಿಂತಿರುವಾಗ ಯಾವ ಅಲಗೂ ಇಳಿಯಲಾರದು, ಮಳೆ ಸುರಿದ ಮರುಕ್ಷಣ ಕಡಿದರೆ ಅಂಚು ಕುಸಿಯುವುದು. ಹಿಂದಿನ ಸಂಜೆ ನೀರುಣಿಸಿ ಮರುದಿನ ಬೆಳಗ್ಗೆ ಕಡಿಯುವುದು ಉತ್ತಮ. ನೇರ ಅಂಚಿಗೆ ಎರಡು ಗೂಟ ಬಡಿದು ಹಗ್ಗ ಬಿಗಿಯಬೇಕು, ಡೊಂಕಿನ ಅಂಚಿಗೆ ಬಿಸಿಲಿನಲ್ಲಿ ಕಾದು ಮೆತ್ತಗಾದ ನೀರಿನ ಪೈಪನ್ನು ಹಾಸಿ ಅದರ ಬಾಗನ್ನು ಅನುಸರಿಸಬೇಕು. ಹುಲ್ಲಿನ ಕಡೆಯ ಗೋಡೆಯನ್ನು ಲಂಬವಾಗಿಯೂ ಪಾತಿಯ ಕಡೆಯದನ್ನು ಇಳಿಜಾರಾಗಿಯೂ ಕಡಿದು, ಏಳೆಂಟು ಸೆಂಟಿಮೀಟರ್ ಆಳದ ಒಂದು ಸಣ್ಣ ಕಾಲುವೆಯನ್ನು ತೆಗೆದರೆ, ಮೇಲೆ ಹರಿದು ಬರುವ ಗರಿಕೆಯ ಕುಡಿಯು ಆ ಬಯಲಿನಲ್ಲಿ ಆಧಾರವಿಲ್ಲದೆ ಜೋತು ಕಣ್ಣಿಗೆ ಬೀಳುವುದು. ಬಿದ್ದದ್ದನ್ನು ಕತ್ತರಿಸುವುದು ಸುಲಭ. ಕಾಲುವೆಯ ತಳಕ್ಕಿಂತ ಕೆಳಗೆ ಸರಿಯುವ ಬಿಳಿಕಾಂಡವನ್ನು ಮಾತ್ರ ಇದು ತಡೆಯಲಾರದು. ತೋಟದ ದೀಪದ ತಂತಿ, ತುಂತುರು ನೀರಾವರಿಯ ಕೊಳವೆ ಮೊದಲಾದವುಗಳನ್ನು ಕೆಲಸಗಾರರು ಅಂಚಿನ ಗುಂಟವೇ ಹೂಳಿರುವುದು ಸಾಮಾನ್ಯವಾದುದರಿಂದ, ಅವು ಎಲ್ಲಿ ಹಾದಿವೆಯೆಂದು ತಿಳಿಯದೆ ಕಾಲೊತ್ತಬಾರದು.

ಸವರುವ ಕೆಲಸಕ್ಕೆ ಉದ್ದಹಿಡಿಯ ಕತ್ತರಿ. ನಿಂತ ನಿಲುವಿನಲ್ಲಿಯೇ ಕೆಲಸ ಮಾಡಲಾಗುವಂತೆ ಇದರ ಹಿಡಿಗಳು ಸುಮಾರು ಮೂರಡಿಯಷ್ಟಿರುವುವು. ಇಲ್ಲೊಂದು ಮೋಸವಿದೆ, ಅಥವಾ ಮೋಸವೆನ್ನುವುದಕ್ಕಿಂತ ಅಜ್ಞಾನವೆನ್ನಬಹುದು. ನೋಡುವುದಕ್ಕೆ ಒಂದೇ ತೆರನಾದ ಎರಡು ಕತ್ತರಿಗಳಿರುವುವು: ಒಂದರ ಅಲಗುಗಳು ನೆಲಕ್ಕೆ ಸಮಾಂತರವಾಗಿ ಮಲಗಿರುವುವು, ಅದು ಮರದ ಬುಡದ ಹುಲ್ಲನ್ನು ಕತ್ತರಿಸತಕ್ಕದ್ದು; ಇನ್ನೊಂದರವು ಲಂಬವಾಗಿ ನಿಂತು, ಅಂಚಿನ ಗೋಡೆಗೆ ಒರಗಿ ಕೆಲಸ ಮಾಡತಕ್ಕವು. ಅಂಗಡಿಯ ಹುಡುಗನು ಮೊದಲನೆಯದನ್ನು ಎರಡನೆಯದೆಂದು ಕೊಟ್ಟುಬಿಡುವ ಸಂಭವವುಂಟು. ಕೈಯಲ್ಲಿ ಹಿಡಿದು, ನೆಟ್ಟಗೆ ನಿಂತು, ಅಲಗು ಯಾವ ಕಡೆ ಬಾಯಿ ತೆರೆಯುವುದೆಂದು ನೋಡಿಯೇ ಹಣ ಕೊಡಬೇಕು. ಅಲಗುಗಳ ಕೂಡುತಿರುಪನ್ನು ಸಡಿಲಿಸಿ ಬಿಗಿಮಾಡುವ ಅನುಕೂಲವಿದ್ದರೆ ಕತ್ತರಿಗೆ ದೀರ್ಘಾಯುಸ್ಸು. ಬಳಸುವಾಗ ಎರಡು ಕೈಗಳನ್ನೂ ಆಡಿಸುವವನಿಗೆ ಬೇಗ ಆಯಾಸವಾಗುವುದಲ್ಲದೆ ಅಂಚೂ ಅಲೆಯಲೆಯಾಗುವುದು. ಒಂದು ಕೈಯನ್ನು ಅಚಲವಾಗಿಟ್ಟು ಒಂದು ಅಲಗನ್ನು ಅಂಚಿಗೆ ಒರಗಿಸಿ, ಇನ್ನೊಂದು ಕೈಯನ್ನು ಮಾತ್ರ ಆಡಿಸುವುದು ಬಲ್ಲವರ ಪದ್ಧತಿ.

ಹಲ್ಲುಚಕ್ರವನ್ನು ನೆಲದ ಮೇಲೆ ತಳ್ಳುತ್ತ ಹೋಗುವ ಕೈಯಂತ್ರವೊಂದಿದೆ. ಗಟ್ಟಿಯಾದ ಕಲ್ಲುಹಾದಿಯ ಪಕ್ಕದಲ್ಲಿ ಮಾತ್ರ ಅದು ಓಡಬಲ್ಲುದು. ಜಿಗುಟುಮಣ್ಣಿನಲ್ಲಿ ಹಲ್ಲುಗಳ ಸಂದಿಯೆಲ್ಲ ಮೆತ್ತಿಕೊಂಡು ನಿಲ್ಲುವುದು. ಲಂಬವಾಗಿ ತಿರುಗುವ ಉಕ್ಕಿನ ಅಲಗುಳ್ಳ ಪೆಟ್ರೋಲ್ ಯಂತ್ರವು ಮೈಲುಗಟ್ಟಲೆ ಕಾಂಕ್ರೀಟ್ ಅಂಚುಳ್ಳ ಉದ್ಯಾನಗಳಿಗೂ ಗಾಲ್ಫ್ ಮೈದಾನಗಳಿಗೂ ತಕ್ಕುದು. ಮನೆಯಂಗಳಕ್ಕೆ ಅದನ್ನು ತರುವವನು ಹಣವುಳ್ಳವನೆಂದು ತಿಳಿಯಬಹುದು, ಅಷ್ಟೆ.

ಇನ್ನು ಈ ಕಾಲದ ಎಲ್ಲರ ಅಚ್ಚುಮೆಚ್ಚಾದ ನೈಲಾನ್ ದಾರದ ಯಂತ್ರದ ವಿಷಯ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ನೃತ್ಯಶಾಲೆಗಳನ್ನು ನಡೆಸುತ್ತಿದ್ದ ಜಾರ್ಜ್ ಬ್ಯಾಲಸ್ ಎಂಬಾತನು, ಕಾರು ತೊಳೆಯುವ ಯಂತ್ರದ ಕುಂಚಗಳು ಗಿರಗಿರನೆ ತಿರುಗುವಾಗ ಎಳೆಗಳು ಸೆಟೆದು ನಿಲ್ಲುವುದನ್ನು ಕಂಡು, ತಗಡಿನ ಡಬ್ಬಿಗೆ ತೂತು ಕೊರೆದು ಮೀನುಗಾಳದ ದಾರವನ್ನು ಪೋಣಿಸಿ, ಅಂಚು ಕತ್ತರಿಸುವ ಯಂತ್ರವೊಂದಕ್ಕೆ ಕಟ್ಟಿ ತಿರುಗಿಸಿದನು. 1971ರಲ್ಲಿ ಹುಟ್ಟಿದ ಈ ಕಲ್ಪನೆಯು ಜಗತ್ತನ್ನೆಲ್ಲ ಸುತ್ತಿ, ನಮ್ಮ ಮಲೆನಾಡಿನ ಅಡಕೆ ತೋಟಗಳನ್ನು ಕೂಡ ಹೊಕ್ಕು, ಅಲ್ಲಿ ಕಳೆ ಹೊಡೆಯುವ ಮಿಷನ್ನೆಂದು ಮನೆಮಾತಾಯಿತು. ಗೋಡೆಯ ಬುಡ, ಮೆಟ್ಟಿಲ ಸಂದಿ, ಬೇಲಿಯ ಕೆಳಗು ಮೊದಲಾಗಿ ಉಕ್ಕಿನ ಅಲಗು ಹೋಗಲಾಗದ ಸ್ಥಳಗಳಲ್ಲಿ ಅದಕ್ಕೆ ಸಮನಿಲ್ಲ. ಆದರೆ ಅಂಚನ್ನು ರೂಪಿಸಲೆಂದು ಅದನ್ನು ಓರೆಯಾಗಿ ಹಿಡಿದು ಮಣ್ಣಿಗೆ ಹೊಡೆಸಿದರೆ, ಅಂಚು ಪ್ರತಿಸಲವೂ ಒಂದಿಷ್ಟು ಹಿಂದೆ ಸರಿದು, ಹಾಸು ಮಳೆಗಾಲದಿಂದ ಮಳೆಗಾಲಕ್ಕೆ ಕಿರಿದಾಗುತ್ತ ಬರುವುದು. ಕಣಶಿಲೆಯ ಅಂಚುಗಲ್ಲಿಗೆ ತಾಗಿದರೆ ದಾರವೇ ಸವೆಯುವುದು. ಎಲ್ಲಕ್ಕಿಂತ ಅಪಾಯವಾದುದು ಎಳೆಮರಗಳಿಗೆ: ಎಲೆಯಲ್ಲಿ ತಯಾರಾದ ಆಹಾರವು ಬೇರಿಗಿಳಿಯುವುದು ತೊಗಟೆಯ ಒಳಪದರದ ಮೂಲಕವಾದುದರಿಂದ, ಬುಡದ ಸುತ್ತ ದಾರವು ತೊಗಟೆಯನ್ನು ಉಂಗುರವಾಗಿ ಸುಲಿದುಬಿಟ್ಟರೆ ಆ ಗಿಡವು ನಿಂತಲ್ಲಿಯೇ ಉಪವಾಸ ಬಿದ್ದು ಸಾಯುವುದು. ನೀರು ಸಾಲದೆಂದು ಮನೆಯವರು ಮತ್ತೆ ಮತ್ತೆ ನೀರು ಹೊಯ್ಯುತ್ತಿರುವರು!

ಆದರೂ ಯಂತ್ರವೇ ಬೇಕೆಂಬವರು ಬ್ಯಾಟರಿಯದನ್ನು ಕೊಳ್ಳುವುದು ಮೇಲು. ಮನೆಯ ಅಂಗಳದ ಕೆಲಸವು ಅರ್ಧ ಗಂಟೆಯದಾಗಿರುವಾಗ, ಎರಡು ಹೊಡೆತದ ಎಂಜಿನ್ನಿಗೆ ಪೆಟ್ರೋಲಿನೊಡನೆ ಎಣ್ಣೆಯನ್ನು ಅಳತೆಯಿಂದ ಬೆರೆಸುವ ರಗಳೆಯೂ, ನೆರೆಯವರ ನಿದ್ದೆಗೆಡಿಸುವ ಸದ್ದೂ ಏತಕ್ಕೆ? ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಪಾದರಕ್ಷೆ ಇಲ್ಲದೆ ಅದನ್ನು ಮುಟ್ಟಬಾರದು, ಏಕೆಂದರೆ ದಾರವು ಎಸೆಯುವ ಕಲ್ಲುಚೂರಿಗೆ ದಿಕ್ಕಿನ ಗೊತ್ತಿಲ್ಲ. ನಮ್ಮಲ್ಲಿ ಉಪಕರಣವನ್ನು ಕೊಳ್ಳುವವನು ಒಬ್ಬನು, ಬಳಸುವವನು ಇನ್ನೊಬ್ಬನು ಎಂಬುದನ್ನು ಇಲ್ಲಿ ನೆನೆಯಬೇಕು. ಮಾಲಿಯು ಬರಿಗಾಲಿನಲ್ಲಿ ಬಂದರೆ ಅವನಿಗೆ ಪಾದರಕ್ಷೆಯನ್ನು ಕೊಡಿಸುವುದೂ ಉಪಕರಣದ ಬೆಲೆಯಲ್ಲಿ ಸೇರಿದೆ. ಕಾವಿನ ಉದ್ದವೂ ಯಜಮಾನನ ಎತ್ತರಕ್ಕಲ್ಲ, ಮಾಲಿಯ ಎತ್ತರಕ್ಕೆ ಹೊಂದಬೇಕು. ಅವನನ್ನೇ ಅಂಗಡಿಗೆ ಕರೆದೊಯ್ದರೆ ಅರ್ಧ ತೊಡಕು ಅಲ್ಲಿಯೇ ಪರಿಹಾರ.

ಉಪಕರಣದ ಕೆಲಸ ಹೆಚ್ಚುವುದೂ ತಗ್ಗುವುದೂ ಅಂಚಿಗೆ ಏನನ್ನು ಹಾಸಿದ್ದೇವೆ ಎಂಬುದರ ಮೇಲೆಯೂ ನಿಂತಿದೆ. ನಮ್ಮ ಹಳೆಯ ತೋಟಗಳಲ್ಲಿ ಇಟ್ಟಿಗೆಗಳನ್ನು ಓರೆಯಾಗಿ ಅರ್ಧ ಹೂತು, ಗರಗಸದ ಹಲ್ಲಿನಂತೆ ನಿಲ್ಲಿಸಿ, ಕಾವಿ ಸುಣ್ಣಗಳನ್ನು ಬಳಿಯುವ ಪದ್ಧತಿಯುಂಟು. ನೋಡಲು ಅಂದವಾದರೂ ಗರಿಕೆಯ ದೃಷ್ಟಿಯಿಂದ ಅದು ಸಾಲು ಬಾಗಿಲುಗಳಲ್ಲದೆ ಗೋಡೆಯಲ್ಲ. ಇಟ್ಟಿಗೆಯ ಸಂದಿಗಳಲ್ಲಿ ಬೇರುಬಿಟ್ಟ ಹುಲ್ಲನ್ನು ಯಾವ ಕತ್ತರಿಯೂ ಮುಟ್ಟಲಾರದು. ಹುಲ್ಲಿನ ಮಟ್ಟಕ್ಕೆ ಸಮವಾಗಿ ಕಲ್ಲುಚಪ್ಪಡಿಯ ಕಿರುಪಟ್ಟಿಯನ್ನು ಹಾಸಿದರೆ ಹುಲ್ಲು ಕತ್ತರಿಸುವ ಯಂತ್ರದ ಒಂದು ಗಾಲಿ ಅದರ ಮೇಲೆಯೇ ಉರುಳುವುದರಿಂದ ಸವರುವ ಕೆಲಸ ಬಹುಪಾಲು ತಪ್ಪುವುದು. ಪಾತಿಯ ಕಡೆಗೆ ಒಂದು ಗೇಣಾದರೂ ಆಳಕ್ಕೆ ಲೋಹದ ಅಥವಾ ದಪ್ಪ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಇಳಿಸಿದರೆ ಬಿಳಿಕಾಂಡದ ಓಟವೂ ಬಹುಮಟ್ಟಿಗೆ ನಿಲ್ಲುವುದು. ಇದಕ್ಕೆ ಮೊದಲಿನ ವೆಚ್ಚ ಹೆಚ್ಚು, ಆಮೇಲಿನ ದುಡಿಮೆ ಕಡಿಮೆ.

ಸಾಧಾರಣವಾದ ಅಂಗಳವುಳ್ಳವನಿಗೆ ಸಲಿಕೆಯೊಂದು, ಕತ್ತರಿಯೊಂದು, ಅಲಗನ್ನು ತೀಡಲು ಒಂದು ಅರ, ಇಷ್ಟಿದ್ದರೆ ಯಂತ್ರವನ್ನು ಮುಂದಿನ ವರ್ಷಕ್ಕೆ ಮುಂದೂಡಬಹುದು. ಕೆಲಸ ಮುಗಿದಮೇಲೆ ಅಲಗಿನ ಮಣ್ಣನ್ನು ತೊಳೆದು, ಒರಸಿ, ಎಣ್ಣೆಯ ಬಟ್ಟೆಯನ್ನು ಆಡಿಸಿಡಬೇಕು. ಕಡಿದ ಗರಿಕೆಯನ್ನು ಮಾತ್ರ ಹಸಿಯಾಗಿಯೇ ಗೊಬ್ಬರದ ಗುಂಡಿಗೆ ಹಾಕಬಾರದು; ಅದರ ಒಂದು ಗೆಣ್ಣು ಜೀವದಿಂದಿದ್ದರೂ ಮುಂದಿನ ವರ್ಷ ಆ ಗೊಬ್ಬರದೊಡನೆಯೇ ಪಾತಿಗೆ ಬಂದಿಳಿಯುವುದು. ಕಲ್ಲಿನ ಮೇಲೆ ಹರಡಿ ಕೆಲವು ದಿನ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕಬಹುದು. ಹಾಸಿಗೆ ಔಷಧಿ ಹೊಡೆಯದಿದ್ದರೆ, ಬೀದಿಯಲ್ಲಿ ಬರುವ ಹಸುವಿಗೆ ಹಸಿಯಾಗಿಯೇ ಹಾಕಿದರೂ ಆಯಿತು.