ವಾರದ ವಾಚನ, ಮನಸ್ಸಿನ ಲೆಕ್ಕ

ಚರ್ಚಿಗೆ ಹೋಗುವ ಮಕ್ಕಳು ಅಜ್ಜ-ಅಜ್ಜಿಯರನ್ನು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ಭಾನುವಾರದ ಪೂಜೆಯಲ್ಲಿ ಇವತ್ತು ಇದನ್ನೇ ಓದಬೇಕು ಅಂತ ಯಾರು ಹೇಳ್ತಾರೆ? ಫಾದರ್ ತಮಗೆ ಬೇಕಾದ್ದನ್ನು ಆರಿಸಿಕೊಳ್ತಾರಾ?"

ಇಲ್ಲ ಮಕ್ಕಳೇ. ಅದಕ್ಕೊಂದು ಪಟ್ಟಿ ಇದೆ. ಕಥೋಲಿಕ ಚರ್ಚಿನಲ್ಲಿ ಈಗಿರುವ ವಾಚನಗಳ ಕ್ರಮ ಪ್ರಕಟವಾದದ್ದು 1969ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. ಭಾನುವಾರದ ವಾಚನಗಳು ಮೂರು ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ಮೊದಲ ವರ್ಷ ಹೆಚ್ಚಾಗಿ ಸಂತ ಮತ್ತಾಯನ ಶುಭಸಂದೇಶ, ಎರಡನೆಯ ವರ್ಷ ಮಾರ್ಕನದು, ಮೂರನೆಯ ವರ್ಷ ಲೂಕನದು. ಯೊವಾನ್ನನ ಶುಭಸಂದೇಶವನ್ನು ಮುಖ್ಯವಾಗಿ ತಪಸ್ಸುಕಾಲದಲ್ಲೂ ಪಾಸ್ಕಕಾಲದಲ್ಲೂ ಓದುತ್ತಾರೆ. ಬೇರೆ ಹಲವು ಕ್ರೈಸ್ತ ಸಭೆಗಳಲ್ಲೂ ಇಂಥ ಪಟ್ಟಿಗಳಿವೆ.

ಈ ವರ್ಷ ಯಾರ ಸರದಿ ಎಂದು ತಿಳಿಯಲು ಸುಲಭದ ಲೆಕ್ಕವೊಂದಿದೆ. ಇಸವಿಯನ್ನು 3ರಿಂದ ಭಾಗಿಸಿ. ಶೇಷ 1 ಬಂದರೆ ಮತ್ತಾಯ, 2 ಬಂದರೆ ಮಾರ್ಕ, ಏನೂ ಉಳಿಯದಿದ್ದರೆ ಲೂಕ. 2025ರಲ್ಲಿ ಏನೂ ಉಳಿಯುವುದಿಲ್ಲ, ಅದು ಲೂಕನ ವರ್ಷ. 2026 ಮತ್ತಾಯನದು, 2027 ಮಾರ್ಕನದು. ಒಂದು ಎಚ್ಚರಿಕೆ: ಚರ್ಚಿನ ಹೊಸ ವರ್ಷ ಜನವರಿಯಲ್ಲಿ ಅಲ್ಲ, ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮೊದಲು, ಆಗಮನಕಾಲದೊಡನೆ ಶುರುವಾಗುತ್ತದೆ. ಆ ದಿನದಿಂದಲೇ ಮುಂದಿನ ಇಸವಿಯ ಲೆಕ್ಕ ಹಿಡಿಯಬೇಕು.

ಇಂಥ ಪಟ್ಟಿಯಿಂದ ನಮಗೇನು ಲಾಭ? ಆರಿಸುವ ಕೆಲಸ ನಮ್ಮ ಕೈಯಲ್ಲಿದ್ದರೆ ಸಮಾಧಾನ ಹೇಳುವ ಪುಟಗಳನ್ನೇ ಮತ್ತೆ ಮತ್ತೆ ತೆರೆಯುತ್ತೇವೆ, ಚುಚ್ಚುವ ಪುಟಗಳು ಅಂಟಿಕೊಂಡೇ ಇರುತ್ತವೆ. ಪಟ್ಟಿ ನಮ್ಮ ಇಷ್ಟವನ್ನು ಕೇಳುವುದಿಲ್ಲ. ಮನೆಯಲ್ಲಿ ಜಗಳವಾದ ವಾರವೇ ಕ್ಷಮೆಯ ವಾಚನ ಬಂದು ಎದುರು ನಿಲ್ಲುತ್ತದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮೊದಲು ಸಂಜೆಯಾದರೆ ಲೆಕ್ಕ ತಾಳೆ ನೋಡಬೇಕಿತ್ತು. ಪ್ರತಿಯೊಬ್ಬನೂ ತನ್ನ ಕೌಂಟರಿನ ಹಣ, ತನ್ನ ವೋಚರುಗಳನ್ನೇ ಎಣಿಸಬೇಕು. ಪಕ್ಕದವನ ನೋಟಿನ ಕಟ್ಟನ್ನು ಎಷ್ಟು ಸಲ ಎಣಿಸಿದರೂ ನನ್ನ ಲೆಕ್ಕ ಸರಿಹೋಗುವುದಿಲ್ಲ. ವಾಚನ ಕೇಳುವಾಗ ಈ ಮಾತು ನನಗೆ ನೆನಪಾಗುತ್ತದೆ.

ಲೂಕನ ವರ್ಷದಲ್ಲಿ, ಅಕ್ಟೋಬರ್ ಕೊನೆಯ ಹೊತ್ತಿಗೆ, ಫರಿಸಾಯ ಮತ್ತು ಸುಂಕದವನ ಕಥೆ ಬರುತ್ತದೆ. ಇಬ್ಬರೂ ದೇವಾಲಯಕ್ಕೆ ಪ್ರಾರ್ಥನೆಗೆ ಹೋದರು. ಫರಿಸಾಯ ವಾರಕ್ಕೆ ಎರಡು ದಿನ ಉಪವಾಸ ಮಾಡುವವನು, ಗಳಿಕೆಯಲ್ಲಿ ಹತ್ತನೆಯ ಒಂದು ಪಾಲು ಕೊಡುವವನು. ಅದನ್ನೆಲ್ಲ ದೇವರಿಗೆ ಹೇಳಿ, ತಾನು ಆ ಸುಂಕದವನಂತಲ್ಲ ಎಂದು ಸೇರಿಸಿದ. ಸುಂಕದವನು ದೂರ ನಿಂತು, ತಲೆಯೆತ್ತದೆ, ಎದೆ ಬಡಿದುಕೊಂಡು ಕರುಣೆ ಬೇಡಿದ. ದೇವರು ಮೆಚ್ಚಿ ಮನೆಗೆ ಕಳಿಸಿದ್ದು ಈ ಎರಡನೆಯವನನ್ನು ಎಂದರು ಯೇಸುಸ್ವಾಮಿ.

ಫರಿಸಾಯ ಸುಳ್ಳು ಹೇಳಿದನೆಂದು ಕಥೆಯಲ್ಲಿ ಎಲ್ಲೂ ಇಲ್ಲ. ಆದರೆ ಅವನು ಪುಸ್ತಕ ಬರೆದ ರೀತಿ ನೋಡಿ: ಜಮೆಯ ಪುಟದಲ್ಲಿ ತನ್ನ ಹೆಸರು, ಬಾಕಿಯ ಪುಟದಲ್ಲಿ ಪಕ್ಕದವನ ಹೆಸರು! ಇಂಥ ಪುಸ್ತಕ ಯಾವ ಕಾಲಕ್ಕೂ ತಾಳೆಯಾಗದು. ಕಥೆಯಲ್ಲಿ ನಮಗೂ ಒಂದು ಬಲೆ ಇದೆ. ಕೇಳಿ ಮುಗಿಸಿದ ಕೂಡಲೇ, ಸದ್ಯ ನಾನು ಆ ಫರಿಸಾಯನಂತಲ್ಲ ಎಂದು ಅನ್ನಿಸಿತೋ, ಅಲ್ಲಿಗೆ ನಾವೂ ಅವನ ಪಕ್ಕ ನಿಂತೆವು.

ದಾವೀದ ರಾಜನಿಗೂ ಹೀಗೇ ಆಯಿತು. ನೂರಾರು ಕುರಿಗಳಿದ್ದ ಸಾಹುಕಾರನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆಯನ್ನು ಪ್ರವಾದಿ ನಾತಾನ್ ಹೇಳಿದ. ರಾಜ ಕೆಂಡಾಮಂಡಲವಾಗಿ ಸಾಹುಕಾರನಿಗೆ ಶಿಕ್ಷೆ ವಿಧಿಸಿದ. ಆ ಸಾಹುಕಾರ ಬೇರೆ ಯಾರೂ ಅಲ್ಲ, ಊರಿಯನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡ ರಾಜನೇ ಎಂದು ನಾತಾನ್ ತೋರಿಸಿದಾಗಲೇ ದಾವೀದನ ಕಣ್ಣು ತೆರೆದದ್ದು.

ಹಾಗಾದರೆ ನಮ್ಮ ಪುಸ್ತಕವನ್ನು ನಾವು ನೋಡಿಕೊಳ್ಳುವುದು ಹೇಗೆ? ಇದಕ್ಕೊಂದು ದಾರಿ ತೋರಿಸಿದವರು ಸ್ಪೇನಿನ ಸಂತ ಇಗ್ನೇಷಿಯಸ್ ಲೊಯೋಲ (1491-1556). 1521ರಲ್ಲಿ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದಾಗ, ಕ್ರಿಸ್ತನ ಮತ್ತು ಸಂತರ ಜೀವನಚರಿತ್ರೆಗಳನ್ನು ಓದಿ ಬದಲಾದ ಯೋಧ ಅವರು. ಮುಂದೆ ಯೇಸುಸಭೆಯನ್ನು ಸ್ಥಾಪಿಸಿದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಆರಂಭಿಸಿದವರು ಇದೇ ಸಭೆಯ ಗುರುಗಳು.

ಇಗ್ನೇಷಿಯಸ್ ಹೇಳಿಕೊಟ್ಟ ಕ್ರಮದಲ್ಲಿ ಐದು ಮೆಟ್ಟಿಲುಗಳಿವೆ. ಮೊದಲು ಪಡೆದದ್ದಕ್ಕೆಲ್ಲ ದೇವರಿಗೆ ವಂದನೆ. ಆಮೇಲೆ, ನಿಜವನ್ನು ಕಾಣುವ ಬೆಳಕಿಗಾಗಿ ಬೇಡಿಕೆ. ಮೂರನೆಯದು, ಬೆಳಗಿನಿಂದ ನಡೆದದ್ದನ್ನು ಗಂಟೆ ಗಂಟೆಯಾಗಿ ನೋಡಿಕೊಳ್ಳುವುದು. ನಾಲ್ಕನೆಯದು ಕ್ಷಮೆ ಕೇಳುವುದು. ಕೊನೆಗೆ, ನಾಳೆ ಸರಿಪಡಿಸಿಕೊಳ್ಳುವ ನಿರ್ಧಾರ. ವಂದನೆ ಮೊದಲು ಬರುತ್ತದೆ ಎಂಬುದನ್ನು ಗಮನಿಸಿ. ನಮ್ಮನ್ನು ನಾವೇ ಬೈದುಕೊಳ್ಳುವ ಕೆಲಸವಲ್ಲ ಇದು.

ಅವರ ಇನ್ನೊಂದು ಉಪಾಯ ಕಂಡು ಲೆಕ್ಕದವನಾದ ನನಗೆ ಖುಷಿಯಾಯಿತು. ಒಂದು ಸಲಕ್ಕೆ ಒಂದೇ ದೋಷವನ್ನು ಹಿಡಿದುಕೊಳ್ಳಬೇಕು, ಸಿಡುಕುತನ ಎಂದಿಟ್ಟುಕೊಳ್ಳೋಣ. ಕಾಗದದಲ್ಲಿ ವಾರದ ಪ್ರತಿ ದಿನಕ್ಕೆ ಎರಡೆರಡು ಗೆರೆ ಎಳೆಯಬೇಕು, ಒಂದು ಮಧ್ಯಾಹ್ನದವರೆಗಿನದಕ್ಕೆ, ಇನ್ನೊಂದು ರಾತ್ರಿಯವರೆಗಿನದಕ್ಕೆ. ಎಷ್ಟು ಸಲ ಸಿಡುಕಿದೆವೋ ಅಷ್ಟು ಚುಕ್ಕಿ ಇಡಬೇಕು. ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ ನೋಡಬೇಕು. ದಿನ ಕಳೆದಂತೆ ಗೆರೆಗಳು ಗಿಡ್ಡವಾಗುತ್ತ ಹೋಗುತ್ತವೆ, ಚುಕ್ಕಿಗಳು ಕಡಿಮೆಯಾಗಲಿ ಎಂಬ ಆಸೆಯಂತೆ.

ಹಿರಿಯರಿಗೆ ಒಂದು ಮಾತು. ಬ್ಯಾಂಕಿನಲ್ಲಿ ವ್ಯತ್ಯಾಸದ ಕಾರಣ ಸಿಗದಿದ್ದರೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುತ್ತಾರೆ. ಅದು ಅಲ್ಲೇ ಉಳಿಯುವಂತಿಲ್ಲ, ಇತ್ಯರ್ಥ ಮಾಡಲೇಬೇಕು. ನಮ್ಮ ಮನೆಗಳಲ್ಲಿ ಎಷ್ಟು ಜಗಳಗಳು ಸಸ್ಪೆನ್ಸ್ ಖಾತೆಯಲ್ಲೇ ಮೂವತ್ತು ನಲವತ್ತು ವರ್ಷ ಕೂತಿವೆ! ಆಸ್ತಿ ಪಾಲಾದಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಒಂದೇ ಚರ್ಚು, ಬೇರೆ ಬೇರೆ ಬೆಂಚು. ಕೊನೆಗೆ ಒಬ್ಬರ ಶವಪೆಟ್ಟಿಗೆಯ ಮುಂದೆ ಇನ್ನೊಬ್ಬರು ನಿಂತಾಗ ಮಾತಾಡಲು ಒಬ್ಬರೇ ಉಳಿದಿರುತ್ತಾರೆ. ಕಾರಣವೇ ಗೊತ್ತಿಲ್ಲದ ಮೊಮ್ಮಕ್ಕಳು ದೊಡ್ಡಜ್ಜನ ಮನೆ ಮುಂದೆ ತಲೆತಗ್ಗಿಸಿ ಹೋಗುವುದನ್ನು ಕಲಿಯುತ್ತಾರೆ.

ಮತ್ತಾಯನ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಇದಕ್ಕೆ ಹೇಳಿದ ಪರಿಹಾರ ನೇರವಾಗಿದೆ: ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ, ಮೊದಲು ರಾಜಿಯಾಗಿ ಬರಬೇಕು. ಅಲ್ಲಿನ ಷರತ್ತನ್ನು ಗಮನವಿಟ್ಟು ಓದಿ. ನಮಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ, ಅವನಿಗೆ ನಮ್ಮ ಮೇಲೆ ಏನಾದರೂ ಅಸಮಾಧಾನವಿದ್ದರೆ ಎಂದಿದೆ. ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಕಾಯಬೇಕಿಲ್ಲ. ಮೊದಲ ಹೆಜ್ಜೆ ನಮ್ಮದು.

ಶನಿವಾರ ರಾತ್ರಿ ಊಟವಾದ ಮೇಲೆ ಮರುದಿನದ ಶುಭಸಂದೇಶವನ್ನು ಮನೆಮಂದಿಯೆಲ್ಲ ಕೂತು ಓದಿ. ಓದುವ ಕೆಲಸ ಮಕ್ಕಳಿಗೆ ಕೊಡಿ. ಆಮೇಲೆ ಎರಡು ನಿಮಿಷ ಮೌನವಾಗಿದ್ದು, ಇದರಲ್ಲಿ ನನಗೆ ಹೇಳಿದ್ದೇನು ಎಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಕೇಳಿಕೊಳ್ಳಿ. ನಿಯಮ ಎರಡೇ: ಇನ್ನೊಬ್ಬರ ತಪ್ಪನ್ನು ಎತ್ತಬಾರದು, ಮಕ್ಕಳ ಉತ್ತರವನ್ನು ಒತ್ತಾಯದಿಂದ ಕೇಳಬಾರದು. ಮೌನ ಮುಗಿದ ಮೇಲೆ ಯಾರಿಗಾದರೂ ಫೋನ್ ಮಾಡಬೇಕು ಅನ್ನಿಸಿದರೆ, ಹೊತ್ತಾಯಿತು ಎನ್ನದೆ ಆಗಲೇ ಮಾಡಿ.